ತಾಲೀಮಿನಲ್ಲಿ ರೂಪುಗೊಂಡ ಪಾತ್ರ: ಬಿ.ವಿ. ಕಾರಂತರ ರಂಗಜೀವನದ ಒಂದು ಓದು

ಕನ್ನಡ ನಾಟಕವನ್ನು ಕುರಿತ ನಮ್ಮ ಸಂಶೋಧನೆಯ ಬಹುಪಾಲು ಕೃತಿಯನ್ನು ಆಧರಿಸಿದ್ದು. ಉಳಿದದ್ದು ಪ್ರಯೋಗವನ್ನು ಆಧರಿಸಿದ್ದು. ಇವೆರಡರ ನಡುವೆ ನಡೆಯುವ ತಾಲೀಮು ನಮ್ಮ ಅಧ್ಯಯನದ ಕಕ್ಷೆಗೆ ಬಂದಿರುವುದು ತೀರ ಕಡಿಮೆ. ಕೃತಿ ಅಚ್ಚಾಗಿ ಉಳಿಯುತ್ತದೆ. ಪ್ರಯೋಗಕ್ಕೆ ವಿಮರ್ಶೆ, ಛಾಯಾಚಿತ್ರಗಳಾದರೂ ಇರುತ್ತವೆ. ತಾಲೀಮಿಗೆ ಸಾಮಾನ್ಯವಾಗಿ ಅದೂ ಇಲ್ಲ. ಆದರೆ ನಟನು ಪಾತ್ರವಾಗುವುದು ಅಲ್ಲಿಯೇ. ಬಾಬುಕೋಡಿ ವೆಂಕಟರಮಣ ಕಾರಂತರ (1929–2002) ಜೀವನವನ್ನು ಈ ದೃಷ್ಟಿಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಕಾರಂತರು ಸಂಗೀತದ ನಿರ್ದೇಶಕರು, ಗುಂಪಿನ ನಿರ್ದೇಶಕರು; ಪಾತ್ರದ ಒಳತೋಟಿ ಅವರ ಆಸಕ್ತಿಯಾಗಿರಲಿಲ್ಲ ಎಂಬ ಅಭಿಪ್ರಾಯವು ನಮ್ಮ ವಿಚಾರಸಂಕಿರಣಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಪ್ರಯೋಗವನ್ನಷ್ಟೇ ಕಂಡವರಿಗೆ ಹಾಗೆ ತೋರುವುದು ಸಹಜ. ಅವರು ಕಲಿತ ಮತ್ತು ಕಲಿಸಿದ ಬಗೆಯನ್ನು ಗಮನಿಸಿದರೆ ಈ ತೀರ್ಮಾನ ಅಷ್ಟು ಸುಲಭವಾಗಿ ನಿಲ್ಲಲಾರದು.

ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿ ಕಾರಂತರ ಹುಟ್ಟೂರು. ಪ್ರಾಥಮಿಕ ಶಾಲೆಯಲ್ಲಿದ್ದಾಗ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಬಣ್ಣ ಹಚ್ಚಿದ್ದು ಅವರ ಮೊದಲ ರಂಗಾನುಭವ. ಅನಂತರ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಇಲ್ಲಿ ಮುಖ್ಯವಾದುದು, ಕಂಪನಿಯ ಹುಡುಗನೊಬ್ಬ ಪಾತ್ರವನ್ನು ಹೇಗೆ ಪಡೆಯುತ್ತಿದ್ದ ಎಂಬುದು. ವೃತ್ತಿ ಕಂಪನಿಗಳಲ್ಲಿ ಪಾತ್ರವು ನಟನಿಗಿಂತ ಮೊದಲೇ ಸಿದ್ಧವಾಗಿರುತ್ತಿತ್ತು. ಮೇಷ್ಟರು ಮಾತನ್ನು ಹೇಳಿಕೊಡುತ್ತಿದ್ದರು, ಹಾರ್ಮೋನಿಯಂ ಶ್ರುತಿಯನ್ನು ಕೊಡುತ್ತಿತ್ತು, ಹಿರಿಯ ನಟ ನಡಿಗೆಯನ್ನು ತೋರಿಸುತ್ತಿದ್ದ. ಚಿಕ್ಕವರು ನಾಂದಿ ಹಾಡುತ್ತ, ರಂಗದ ಪಕ್ಕದಲ್ಲಿ ನಿಂತು ಇತರರ ಪಾರ್ಟುಗಳನ್ನೂ ಕಂಠಸ್ಥ ಮಾಡಿಕೊಳ್ಳುತ್ತಿದ್ದರು. ಯಾರಾದರೂ ಕಾಯಿಲೆ ಬಿದ್ದ ರಾತ್ರಿ ಅದೇ ಅವರ ಅದೃಷ್ಟವಾಗುತ್ತಿತ್ತು. ಪಾತ್ರದ ಮನಸ್ಸೇನು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಕಿವಿ ಮೊದಲು ಕಲಿಯುತ್ತಿತ್ತು, ಆಮೇಲೆ ಕಾಲು, ಕೊನೆಗೆ ಮುಖ. ಈ ಕ್ರಮವು ಕಾರಂತರೊಳಗೆ ಕೊನೆಯವರೆಗೂ ಉಳಿಯಿತು ಎಂಬುದು ನನ್ನ ಗ್ರಹಿಕೆ.

ವೀರಣ್ಣನವರೇ ಅವರನ್ನು ಹೆಚ್ಚಿನ ಓದಿಗಾಗಿ ಕಾಶಿಗೆ ಕಳುಹಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿಯ ಎಂ.ಎ., ಜೊತೆಗೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತದ ಅಭ್ಯಾಸ. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಪದವಿ. ಅನಂತರ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಅಧ್ಯಾಪಕರಾದರು. ಜೀವನಚರಿತ್ರೆಗಳು ಈ ವರ್ಷಗಳನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತವೆ. ಆದರೆ ಮಗುವಿಗೆ ಪಾತ್ರದ ಉದ್ದೇಶವನ್ನು ವಿವರಿಸಿ ಪ್ರಯೋಜನವಿಲ್ಲ. ಆನೆಯಾಗು ಎಂದರೆ ಅದು ಆನೆಯಂತೆ ನಡೆಯುತ್ತದೆ, ನಡೆಯುತ್ತ ನಡೆಯುತ್ತ ಆನೆಯ ಗಾಂಭೀರ್ಯ ತಾನಾಗಿ ಬರುತ್ತದೆ. ಆಟದಿಂದ ಪಾತ್ರಕ್ಕೆ ಸಾಗುವ ಈ ದಾರಿಯನ್ನು ‘ಪಂಜರ ಶಾಲೆ’ಯಂಥ ಮಕ್ಕಳ ನಾಟಕಗಳಲ್ಲಷ್ಟೇ ಅಲ್ಲ, ದೊಡ್ಡವರ ತಾಲೀಮಿನಲ್ಲಿಯೂ ಕಾರಂತರು ಬಳಸಿದರು.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ಪ್ರಯೋಗಗೊಂಡದ್ದು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ತಿರುವು ಎಂದು ಗುರುತಿಸಲ್ಪಟ್ಟಿದೆ. ಆ ತಾಲೀಮುಗಳಿಗೆ ಬರುತ್ತಿದ್ದವರು ಯಾರು ಎಂಬುದನ್ನು ಮರೆಯಬಾರದು. ಅಂದಿನ ಹವ್ಯಾಸಿ ರಂಗಭೂಮಿ ಬ್ಯಾಂಕು, ಸರ್ಕಾರಿ ಕಚೇರಿ, ಕಾಲೇಜು ಮತ್ತು ಕಾರ್ಖಾನೆಗಳ ನೌಕರರಿಂದ ನಡೆಯುತ್ತಿತ್ತು. ಈ ಲೇಖಕಿಯ ವಾಸಸ್ಥಳವಾದ ಜಾಲಹಳ್ಳಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದ ಮೇಲೆ ಕಾರ್ಖಾನೆಯ ಸೈರನ್ನಿಗೆ ಏಳುವ ಊರಾಯಿತು. ಇಂಥ ಬಡಾವಣೆಗಳ ಕನ್ನಡ ಸಂಘಗಳಲ್ಲಿ ಪಾಳಿ ಮುಗಿಸಿ ಬಂದವರೇ ನಟರು. ದಿನವೆಲ್ಲ ಯಂತ್ರದ ಅಥವಾ ಕಡತದ ಮುಂದೆ ದುಡಿದ ದೇಹವನ್ನು ಸಂಜೆ ಪಾತ್ರಕ್ಕೆ ಒಗ್ಗಿಸಬೇಕಾದ ನಿರ್ದೇಶಕನಿಗೆ ದೀರ್ಘವಾದ ಮನೋವಿಶ್ಲೇಷಣೆಗೆ ಸಮಯವಿರುವುದಿಲ್ಲ. ಎಲ್ಲರನ್ನೂ ಒಟ್ಟಿಗೆ ಹಾಡಿಸಿ, ಕುಣಿಸಿ, ಒಂದು ಲಯಕ್ಕೆ ತಂದು, ಆ ಲಯದಿಂದ ಒಬ್ಬೊಬ್ಬರನ್ನು ಬಿಡಿಸಿ ಪಾತ್ರವಾಗಿಸುವುದು ಅಲ್ಲಿ ಶೈಲಿಯೂ ಹೌದು, ಅನಿವಾರ್ಯವೂ ಹೌದು.

ಈ ವಿಧಾನಕ್ಕೆ ಅತ್ಯಂತ ಕಠಿಣವಾದ ಪರೀಕ್ಷೆ ಗಿರೀಶ ಕಾರ್ನಾಡರ ‘ಹಯವದನ’. ಬುದ್ಧಿವಂತ ದೇವದತ್ತ, ಬಲಶಾಲಿ ಕಪಿಲ. ಇಬ್ಬರ ತಲೆಗಳು ಅದಲುಬದಲಾಗುತ್ತವೆ. ಆ ಕ್ಷಣದಿಂದ ದೇವದತ್ತನ ನಟ ಕಪಿಲನ ದೇಹವನ್ನು ಹೊತ್ತು ನಡೆಯಬೇಕು. ಮುಂದೆ ಆ ದೇಹ ನಿಧಾನವಾಗಿ ತಲೆಯ ಸ್ವಭಾವಕ್ಕೆ ತಿರುಗುವುದನ್ನೂ ಕಾಣಿಸಬೇಕು. ಇದನ್ನು ಮಾತಿನ ಅರ್ಥದಿಂದ ಸಾಧಿಸಲು ಬರುವುದಿಲ್ಲ. ಇಬ್ಬರು ನಟರೂ ಪರಸ್ಪರರ ಹೆಜ್ಜೆ, ಹೆಗಲು, ಉಸಿರನ್ನು ತಾಲೀಮಿನಲ್ಲಿ ಕಲಿತಿರಬೇಕು. ಸ್ತಾನಿಸ್ಲಾವ್‌ಸ್ಕಿ ತನ್ನ ಕೊನೆಯ ವರ್ಷಗಳಲ್ಲಿ ಭಾವದಿಂದ ಕ್ರಿಯೆಗೆ ಹೋಗುವ ಬದಲು ಕ್ರಿಯೆಯಿಂದ ಭಾವಕ್ಕೆ ಬರುವ ದಾರಿಯನ್ನು ಹುಡುಕಿದ್ದು ಪ್ರಸಿದ್ಧ. ಕಾರಂತರು ಅದೇ ನೆಲೆಯನ್ನು ಕಂಪನಿ ನಾಟಕ ಮತ್ತು ಯಕ್ಷಗಾನದ ಹಾದಿಯಲ್ಲಿ ಮುಟ್ಟಿದ್ದರು ಎಂದು ಹೇಳಬಹುದು. ಭರತನು ಆಂಗಿಕ, ವಾಚಿಕ, ಆಹಾರ್ಯಗಳ ಜೊತೆಯಲ್ಲಿಯೇ ಸಾತ್ವಿಕವನ್ನು ಇಟ್ಟಿರುವುದನ್ನು ಬಲ್ಲ ನಮಗೆ ಇದು ಅಪರಿಚಿತವೂ ಅಲ್ಲ.

ಜಡಭರತರ ‘ಸತ್ತವರ ನೆರಳು’ ಬೇರೆ ರೀತಿಯ ಉದಾಹರಣೆ. ಮಠದ ಅಧಿಕಾರ, ಉತ್ತರಾಧಿಕಾರಗಳ ಈ ನಾಟಕಕ್ಕೆ ಕಾರಂತರು ಪುರಂದರದಾಸರ ಪದಗಳನ್ನು ಬೆಸೆದರು. ಹಾಡುಗಳು ಎಷ್ಟು ಜನಪ್ರಿಯವಾದವೆಂದರೆ ನಾಟಕವನ್ನೇ ನೋಡದವರೂ ಅವುಗಳ ಧಾಟಿಯನ್ನು ಬಲ್ಲರು. ಸಂಗೀತವು ಪಾತ್ರವನ್ನು ನುಂಗಿತು ಎಂಬ ಆಕ್ಷೇಪಕ್ಕೆ ಅವಕಾಶ ದೊರೆಯುವುದು ಇಂಥಲ್ಲಿಯೇ, ಮತ್ತು ಅದರಲ್ಲಿ ಹುರುಳಿಲ್ಲವೆಂದು ನಾನು ವಾದಿಸುವುದಿಲ್ಲ. ಮೇಳದ ಉತ್ಸಾಹದಲ್ಲಿ ಒಂಟಿಯಾಗಿ ನಿಲ್ಲಬೇಕಾದ ಪಾತ್ರ ಮಸುಕಾಗುವ ಅಪಾಯ ಈ ಪದ್ಧತಿಯಲ್ಲಿ ನಿಜವಾಗಿಯೂ ಇದೆ. ಆದರೆ ಹಿನ್ನೆಲೆಯಿಂದ ತುಂಬುವ ಸಂಗೀತಕ್ಕೂ ನಟರೇ ತಾಲೀಮಿನಲ್ಲಿ ಹಾಡಿ, ಬಿದಿರು, ಕಲ್ಲು, ಗಂಟೆಗಳನ್ನು ನುಡಿಸಿ ಕಂಡುಕೊಳ್ಳುವ ನಾದಕ್ಕೂ ವ್ಯತ್ಯಾಸವಿದೆ. ಎರಡನೆಯದು ಅಭಿನಯದ ಭಾಗ. ಕಾರಂತರನ್ನು ಅನುಕರಿಸಿದ ಅನೇಕರು ಹಾಡನ್ನು ಎತ್ತಿಕೊಂಡು ತಾಲೀಮನ್ನು ಬಿಟ್ಟರು. ಆ ದೋಷದ ಲೆಕ್ಕವೂ ಮೂಲದವರ ಹೆಸರಿಗೇ ಬಿದ್ದಿದೆ.

1977ರಿಂದ ಕೆಲವು ವರ್ಷ ಅವರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದರು. 1979ರಲ್ಲಿ ಮ್ಯಾಕ್‌ಬೆತ್ ನಾಟಕವನ್ನು ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ, ‘ಬರ್ನಮ್ ವನ’ ಎಂಬ ಹೆಸರಿನಿಂದ, ಯಕ್ಷಗಾನದ ಚಲನೆಗಳನ್ನು ಬಳಸಿ ಆಡಿಸಿದರು. ಕನ್ನಡ ಬಾರದ ವಿದ್ಯಾರ್ಥಿಗಳ ಕಾಲಿಗೆ ಕರಾವಳಿಯ ಹೆಜ್ಜೆಯನ್ನು ಕಟ್ಟಿದ ಈ ಪ್ರಯೋಗವು ಪ್ರತ್ಯೇಕ ಅಧ್ಯಯನವನ್ನು ಬೇಡುತ್ತದೆ. ಮುಂದೆ ಭೋಪಾಲದ ಭಾರತ ಭವನದ ರಂಗಮಂಡಲದಲ್ಲಿ ನಟರ ಮನೆಮಾತಾದ ಬುಂದೇಲಿ, ಮಾಳವಿಗಳನ್ನು ರಂಗದ ಮೇಲೆ ತಂದರು. 1986ರ ದುರ್ಘಟನೆ ಮತ್ತು ಅವರು ಭೋಪಾಲವನ್ನು ಬಿಟ್ಟ ಸಂದರ್ಭ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ.

1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ಕಾರಂತರಿಗೆ ಮೊದಲ ಬಾರಿಗೆ ಕನ್ನಡದಲ್ಲಿ ಪೂರ್ಣಾವಧಿಯ ನಟರು ದೊರೆತರು. ಸಂಜೆಯ ತಾಲೀಮು ಇಡೀ ದಿನದ ತಾಲೀಮಾಯಿತು. ವ್ಯಾಯಾಮ, ಧ್ವನಿ, ಹಾಡು, ವಾದ್ಯ, ಆಶುಅಭಿನಯಗಳು ದಿನಚರಿಯಾದವು. ಹವ್ಯಾಸಿಯು ಒಂದು ಪಾತ್ರಕ್ಕಾಗಿ ತಯಾರಾದರೆ, ಇಲ್ಲಿಯ ನಟ ಇನ್ನೂ ಹೆಸರಿಡದ ಪಾತ್ರಗಳಿಗಾಗಿ ತಯಾರಾಗಬೇಕಿತ್ತು. ಕಂಪನಿಯ ಮನೆತನ, ನಾಟಕ ಶಾಲೆಯ ಶಿಸ್ತು ಎರಡನ್ನೂ ಒಂದೆಡೆ ತರುವ ಈ ಪ್ರಯತ್ನದಲ್ಲಿ ಸರ್ಕಾರಿ ಸಂಸ್ಥೆಯೊಂದರ ನಿಯಮಾವಳಿಯೂ ಮೂರನೆಯದಾಗಿ ಸೇರಿಕೊಂಡಿತು. ತಾಲೀಮಿನ ಸ್ವಾತಂತ್ರ್ಯಕ್ಕೂ ಹಾಜರಿ ಪುಸ್ತಕಕ್ಕೂ ಹೊಂದಿಕೆಯಾಗುವುದು ಕಷ್ಟ. 1995ರವರೆಗೆ ಅವರು ಅಲ್ಲಿದ್ದರು.

2002ರ ಸೆಪ್ಟೆಂಬರ್ 1ರಂದು ಕಾರಂತರು ಬೆಂಗಳೂರಿನಲ್ಲಿ ನಿಧನರಾದರು. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥನ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಬದುಕಿನ ಕಥೆಯಾಗಿ ಅಮೂಲ್ಯ. ತಾಲೀಮಿನ ದಿನಚರಿಯನ್ನು ಅದರಿಂದ ನಿರೀಕ್ಷಿಸುವುದು ತರವಲ್ಲ. ಅವರ ರಂಗಗೀತೆಗಳನ್ನು ಇಂದಿಗೂ ಶಿಬಿರಗಳಲ್ಲಿ ಹಾಡುತ್ತಾರೆ. ಆ ಹಾಡುಗಳು ಯಾವ ನಡಿಗೆಯಿಂದ, ಯಾವ ಆಟದಿಂದ ಹುಟ್ಟಿದವು ಎಂಬುದನ್ನು ಹೇಳಬಲ್ಲವರು ಆ ತಾಲೀಮುಗಳಲ್ಲಿ ನಿಂತಿದ್ದ ನಟರು. 1972ರ ಬಯಲಿನಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತನ್ನು ದಾಟಿದ್ದಾರೆ. ರಂಗಾಯಣದ ಮೊದಲ ತಂಡದ ಹಲವರು ನಿವೃತ್ತರಾಗಿದ್ದಾರೆ. ನಮ್ಮ ವಿಭಾಗಗಳಲ್ಲಿ ಜಾನಪದ ಕ್ಷೇತ್ರಕಾರ್ಯಕ್ಕೆ ಧ್ವನಿಮುದ್ರಣ ಯಂತ್ರ ಹಿಡಿದು ಹೋಗುವ ರೂಢಿ ದಶಕಗಳಿಂದ ಇದೆ. ಅದೇ ಯಂತ್ರವನ್ನು ಹಿಡಿದು ಇವರ ಮನೆಗಳಿಗೆ ಹೋಗುವ ಕೆಲಸ ಇನ್ನೂ ಬಹುಮಟ್ಟಿಗೆ ಬಾಕಿಯಿದೆ.