ಡಾಕ್ಟರ್ ಅದೋಲ್ಫ್ ಪಿನಾರ್ ಅವರ ಜೀವಿತ



ಗರ್ಭಿಣಿಯ ಉದರದ ಮೇಲಿಟ್ಟು ಶಿಶುವಿನ ಎದೆಬಡಿತವನ್ನು ಆಲಿಸುವ ಚಿಕ್ಕ ಕೊಳವೆಯನ್ನು ನಿಮ್ಮಲ್ಲಿ ದಾದಿಯರಾದವರು ಚೆನ್ನಾಗಿ ಬಲ್ಲಿರಿ. ಅದಕ್ಕೆ ತಮ್ಮ ಹೆಸರನ್ನು ಬಿಟ್ಟುಹೋದ ಮಹನೀಯರ ಚರಿತ್ರೆಯನ್ನು ಬಲ್ಲವರಾದರೋ ವಿರಳ. ಆದಕಾರಣ ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಪಿನಾರ್ ಅವರು 1844ರಲ್ಲಿ ಫ್ರಾನ್ಸ್ ದೇಶದ ಮೇರಿ-ಸುರ್-ಸೇನ್ ಎಂಬ ಊರಿನಲ್ಲಿ ಜನಿಸಿದರು. ಅದಕ್ಕೆ ಮೊದಲೇ, 1816ರಲ್ಲಿ, ಲೆನೆಕ್ ಎಂಬ ವೈದ್ಯರು ಸ್ಟೆತಸ್ಕೋಪನ್ನು ಕಂಡುಹಿಡಿದಿದ್ದರು. ಅವರ ಮಿತ್ರರಾದ ಕೆರ್ಗರಾದೆಕ್ ಅವರು ಗರ್ಭಜಲದಲ್ಲಿ ಶಿಶುವು ಚಲಿಸುವ ಸಪ್ಪಳವನ್ನು ಕೇಳಬೇಕೆಂದು ಕಿವಿಗೊಟ್ಟಾಗ, ಗಡಿಯಾರದಂತೆ ಮಿಡಿಯುವ ಹೃದಯಧ್ವನಿಯೇ ಅವರಿಗೆ ಕೇಳಿಸಿತು. ಇದನ್ನು ಅವರು 1821ರಲ್ಲಿ ವೈದ್ಯಸಭೆಯ ಮುಂದೆ ನಿವೇದಿಸಿದರು.

ಪಿನಾರ್ ಅವರು ಪ್ಯಾರಿಸಿನಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾದರು. ಹಸ್ತಸ್ಪರ್ಶದಿಂದಲೇ ಗರ್ಭದಲ್ಲಿ ಶಿಶುವು ಇರುವ ರೀತಿಯನ್ನು ಅರಿಯುವ ಕ್ರಮವನ್ನು ಕುರಿತು 1878ರಲ್ಲಿ ಗ್ರಂಥವನ್ನು ರಚಿಸಿದರು. 1895ರಲ್ಲಿ ಅವರ ಹೆಸರಿನ ಕೊಳವೆಯು ಬಂದಿತು. ಮೊದಲು ಕೈಯಿಂದ ಶಿಶುವಿನ ಬೆನ್ನನ್ನು ಗುರುತಿಸಿ ಅಲ್ಲಿ ಕೊಳವೆಯ ಅಗಲವಾದ ಬಾಯನ್ನಿಡಬೇಕು. ತಾಯಿಯ ನಾಡಿಯನ್ನೂ ಹಿಡಿದು, ಎರಡು ಬಡಿತಗಳೂ ಬೇರೆಬೇರೆಯೆಂದು ನಿಶ್ಚಯಿಸಿಕೊಂಡು ಎಣಿಸಬೇಕು. ನಿಮಿಷಕ್ಕೆ 110ರಿಂದ 160ರವರೆಗೆ ಇದ್ದರೆ ಸಾಮಾನ್ಯವು. ಹೆರಿಗೆಯ ನೋವಿನ ತರುವಾಯ ಬಡಿತವು ಕುಗ್ಗಿ ಬೇಗನೆ ಚೇತರಿಸಿಕೊಳ್ಳದಿದ್ದರೆ, ಅದು ಶಿಶುವು ಸಂಕಟದಲ್ಲಿರುವುದರ ಸೂಚನೆಯಾಗಿರಬಹುದು. ಕೂಡಲೆ ವೈದ್ಯರನ್ನು ಕರೆಯತಕ್ಕದ್ದು.

ಅವರು ಕೇವಲ ಆಲಿಸಿ ಸುಮ್ಮನಾಗಲಿಲ್ಲ. ಹೆರಿಗೆಯ ದಿನದವರೆಗೂ ದುಡಿದ ಬಡ ಸ್ತ್ರೀಯರ ಶಿಶುಗಳಿಗಿಂತ, ಮುಂಚಿತವಾಗಿ ವಿಶ್ರಾಂತಿ ಪಡೆದವರ ಶಿಶುಗಳು ಹೆಚ್ಚು ತೂಕವುಳ್ಳವುಗಳೆಂದು 1895ರಲ್ಲಿ ತೂಗಿ ತೋರಿಸಿದರು. ಹೆರಿಗೆಗಾಗಿ ಎಂಟು ವಾರ ಬಿಡುವು ಪಡೆದವಳನ್ನು ಕೆಲಸದಿಂದ ತೆಗೆಯಕೂಡದೆಂಬ ಕಾನೂನು 1909ರಲ್ಲಿ ಆ ದೇಶದಲ್ಲಿ ಉಂಟಾಯಿತು. ಶಾಲೆಯ ಬಾಲಕಿಯರಿಗೆ ಅವರು ತಾವೇ ಶಿಶುಪೋಷಣೆಯ ಪಾಠಗಳನ್ನು ಹೇಳಿದರು. ಅವು 1904ರಲ್ಲಿ ಪುಸ್ತಕವಾದವು. ಎಪ್ಪತ್ತೈದರ ಪ್ರಾಯದಲ್ಲಿ ಶಾಸನಸಭೆಗೆ ಚುನಾಯಿತರಾದರು. ಅವರು ಸುಜನನವಾದವನ್ನು ಬೆಂಬಲಿಸಿದುದನ್ನು ನಾವು ಒಪ್ಪಲಾರೆವು. ಆದರೂ ಅವರ ಉಪಕಾರವನ್ನು ಮರೆಯಲಾರೆವು. 1934ರಲ್ಲಿ, ತೊಂಬತ್ತು ವರ್ಷಗಳು ತುಂಬಿದ ಮೇಲೆ, ಅವರು ನಿಧನಹೊಂದಿದರು.

ಇಂದು ಡಾಪ್ಲರ್ ಯಂತ್ರದಿಂದ ತಾಯಿಯೂ ಆ ಧ್ವನಿಯನ್ನು ಕೇಳಬಹುದು. ವಿದ್ಯುತ್ತಿಲ್ಲದ ವೇಳೆಯಲ್ಲಿಯೂ ಹಳೆಯ ಕೊಳವೆಯು ಉಪಯೋಗಕ್ಕೆ ಬರುವುದು. ಆದರೆ ತುಂಬು ಗರ್ಭಿಣಿಯನ್ನು ತೊಗರಿಯ ರಾಶಿ ಮುಗಿಯುವವರೆಗೂ ಹೊಲದಲ್ಲಿ ದುಡಿಸಿದರೆ ಯಾವ ಯಂತ್ರವು ಏನು ಮಾಡೀತು? ಬಗದಲಿನ ಹಾಗೂ ಸುತ್ತಣ ಹಳ್ಳಿಗಳ ತಂದೆತಾಯಿಗಳೇ, ಅತ್ತೆಯರೇ, ನಿಮ್ಮ ಮಗಳನ್ನೂ ಸೊಸೆಯನ್ನೂ ಸಕಾಲದಲ್ಲಿ ತಪಾಸಣೆಗೆ ಕಳುಹಿಸಿರಿ. ಕಡೆಯ ವಾರಗಳಲ್ಲಿ ಅವಳ ಕೈಯ ಕುಡುಗೋಲನ್ನು ನೀವು ತೆಗೆದುಕೊಳ್ಳಿರಿ. ಇದೇ ಆ ಮಹನೀಯರಿಗೆ ನಾವು ಸಲ್ಲಿಸತಕ್ಕ ಗೌರವವು.