ವಿಕ್ಟೋರಿಯಾ ಗೌರಮ್ಮ: ರಾಣಿಯ ಆಸರೆಯಲ್ಲಿ ಬೆಳೆದ ಕೊಡಗಿನ ಕುವರಿ

ಕೊಡಗಿನ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ (1841–1864) ಕೊಡಗನ್ನು ಕಂಡವಳಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅರಸನನ್ನು ಪದಚ್ಯುತಗೊಳಿಸಿ ಗಡೀಪಾರು ಮಾಡಿತು. ಆಕೆ ಹುಟ್ಟಿದ್ದು ತಂದೆಯ ಸೆರೆಯ ನೆಲೆಯಾಗಿದ್ದ ಕಾಶಿಯಲ್ಲಿ.

ಕಂಪನಿಯಲ್ಲಿ ಸಿಲುಕಿದ್ದ ತನ್ನ ಹಣವನ್ನು ಮರಳಿ ಪಡೆಯಲು 1852ರಲ್ಲಿ ಅರಸನು ಲಂಡನ್ನಿಗೆ ತೆರಳಿದಾಗ ಮಗಳನ್ನೂ ಕರೆದೊಯ್ದನು. ಅಲ್ಲಿ ಆಕೆಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಇತ್ತಳು. ಇದು ಕಾನೂನಿನ ದತ್ತು ಅಲ್ಲ. ಇಂಗ್ಲೆಂಡಿನಲ್ಲಿ ದತ್ತಕ ಕಾಯಿದೆ ಬಂದದ್ದು 1926ರಲ್ಲಿ. ಆದರೂ ಬಾಲಕಿಯ ಪಾಲನೆ ಡ್ರಮಂಡ್ ದಂಪತಿಗಳಿಗೆ, ಮುಂದೆ ಲಾಗಿನ್ ದಂಪತಿಗಳಿಗೆ ಸೇರಿತು. ತಂದೆಯ ಭೇಟಿಗೆ ಅಂಕೆ ಬಿದ್ದಿತು. ಆತ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು.

ರಾಣಿಯ ಮಮತೆ ಹುಸಿಯಾಗಿರಲಿಲ್ಲ. ಆದರೆ ಅದರಲ್ಲೊಂದು ದ್ವಂದ್ವವಿತ್ತು. ಹುಡುಗಿಯ ನಂಬಿಕೆ, ನಡೆನುಡಿಗಳು ಇಂಗ್ಲಿಷಿನವಾಗಬೇಕು. ಆದರೆ ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಬರೆದ ಚಿತ್ರದಲ್ಲಿ ಆಕೆ ದೇಶೀ ಉಡುಗೆ, ಒಡವೆಗಳ ರಾಜಕುಮಾರಿ. ವರನ ವಿಚಾರದಲ್ಲಿಯೂ ಹಾಗೆಯೇ. ಕ್ರೈಸ್ತನಾಗಿದ್ದ ಪಂಜಾಬಿನ ಮಹಾರಾಜ ದುಲೀಪ್ ಸಿಂಗನೇ ತಕ್ಕವನೆಂದು ರಾಣಿ ಬಯಸಿದಳು. ಆತ ಒಪ್ಪಲಿಲ್ಲ. ಮನೆಯ ಸೇವಕನೊಬ್ಬನೊಡನೆ ಓಡಿಹೋಗಲು ಗೌರಮ್ಮ ಯತ್ನಿಸಿದಾಗ ಹಿರಿಯರು ಅದನ್ನು ತಡೆದರು. ಯಾವ ಮನೆಯಲ್ಲಿಯೂ ಆಕೆಯ ಇಷ್ಟಕ್ಕೆ ಎಡೆಯಿರಲಿಲ್ಲ.

1860ರಲ್ಲಿ ಆಕೆ ಲೇಡಿ ಲಾಗಿನ್ನಳ ಸಹೋದರ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನ ಕೈಹಿಡಿದಳು. ಆತ ವಯಸ್ಸಿನಲ್ಲಿ ಬಹಳ ಹಿರಿಯ. ಮರುವರ್ಷ ಈಡಿತ್ ಎಂಬ ಮಗಳು ಹುಟ್ಟಿದಳು. 1864ರಲ್ಲಿ, 23 ತುಂಬುವ ಮೊದಲೇ, ಗೌರಮ್ಮ ಕ್ಷಯರೋಗಕ್ಕೆ ಬಲಿಯಾದಳು. ಅದು ವೈದ್ಯರ ಕೈಯಲ್ಲಿ ಮದ್ದಿಲ್ಲದ ಕಾಲ. ಕ್ಷಯಾಣುವನ್ನು ರಾಬರ್ಟ್ ಕಾಖ್ ಲೋಕಕ್ಕೆ ತಿಳಿಸಿದ್ದು 1882ರಲ್ಲಿ. ಆಕೆಯ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಪಶ್ಚಿಮ ಆಫ್ರಿಕದಿಂದ 1850ರಲ್ಲಿ ಇಂಗ್ಲೆಂಡಿಗೆ ಬಂದು ಅದೇ ರಾಣಿಯ ಆಸರೆ ಪಡೆದ ಸಾರಾ ಫೋರ್ಬ್ಸ್ ಬೊನೆಟ್ಟಾಳ ಬದುಕೂ ಬಹುಮಟ್ಟಿಗೆ ಹೀಗೆಯೇ ಸಾಗಿತು. ಆಕೆಯ ಮದುವೆಯನ್ನೂ ಇತರರೇ ಗೊತ್ತುಮಾಡಿದರು.

ಬೇರೆ ಜನಾಂಗದ ಮಗುವನ್ನು ಮನೆಗೆ ತರುವವರು ಅನ್ನ, ವಿದ್ಯೆ, ಹೆಸರು ಕೊಡಬಲ್ಲರು. ತಾನು ಯಾರೆಂಬುದನ್ನು ಮಾತ್ರ ಆ ಮಗುವೇ ಅರಸಿ ಕಂಡುಕೊಳ್ಳಬೇಕು. ಅದಕ್ಕೆ ಹೆತ್ತವರ ನುಡಿ, ನೆನಪುಗಳ ಬಾಗಿಲು ತೆರೆದಿರಬೇಕು. ಬುದಯ್ಯದಲ್ಲಾಗಲಿ ಬೇರೆಡೆಯಾಗಲಿ, ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡಿಗರಿಗೂ ಈ ಮಾತು ಸಲ್ಲುತ್ತದೆ.

— ಬುದಯ್ಯ, ಬಹರೈನ್