ಜಗದೀಶಚಂದ್ರ ಬೋಸ್ ಮತ್ತು ಗೋಡೆ ದಾಟಿದ ಅಲೆಗಳು

ಗಿಡಗಳ ಮೇಲೆ ಪ್ರಯೋಗ ಮಾಡಿದ ವಿಜ್ಞಾನಿ ಎಂದಷ್ಟೇ ಜಗದೀಶಚಂದ್ರ ಬೋಸ್ ಅವರನ್ನು ನಾವು ಹೈಸ್ಕೂಲಿನಲ್ಲಿ ಓದಿದ್ದೇವೆ. ಆದರೆ ಕಟ್ಟಡದೊಳಗೆ ಯಾವ ವಸ್ತು ಎಲ್ಲಿದೆ ಎಂದು ವೈರ್‌ಲೆಸ್ ಮೂಲಕ ಪತ್ತೆ ಹಚ್ಚುವ ಇಂದಿನ ವಿದ್ಯೆಗೂ ಅವರಿಗೂ ಹತ್ತಿರದ ನಂಟಿದೆ.

ಅವರು ಹುಟ್ಟಿದ್ದು 1858ರ ನವೆಂಬರ್ 30ರಂದು, ಇಂದಿನ ಬಾಂಗ್ಲಾದೇಶದಲ್ಲಿ. ತಂದೆ ಸರ್ಕಾರಿ ಅಧಿಕಾರಿ. ಅಧಿಕಾರಿಗಳ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಗೆ ಹೋಗುವ ಕಾಲದಲ್ಲಿ ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಅಲ್ಲಿ ಅವರ ಒಂದು ಪಕ್ಕ ತಂದೆಯ ಮುಸ್ಲಿಂ ಸೇವಕನ ಮಗ, ಇನ್ನೊಂದು ಪಕ್ಕ ಮೀನುಗಾರನ ಮಗ. ಗೆಳೆಯರು ಮನೆಗೆ ಬಂದರೆ ತಾಯಿ ಭೇದ ಮಾಡದೆ ಎಲ್ಲರಿಗೂ ಊಟ ಹಾಕುತ್ತಿದ್ದರು. ಮನೆಯಲ್ಲಿ ಉರ್ದು, ಬೆಂಚಿನಲ್ಲಿ ಕನ್ನಡ ಎಂದು ಬೆಳೆದ ನನಗೆ ಅವರ ಜೀವನದಲ್ಲಿ ಬಹಳ ಇಷ್ಟವಾದ ಭಾಗ ಇದು.

ಲಂಡನ್ನಿನಲ್ಲಿ ವೈದ್ಯಕೀಯ ಓದಲು ಹೋಗಿ ಕಾಯಿಲೆಯಿಂದ ಬಿಟ್ಟರು. ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿ 1885ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಯುರೋಪಿಯನ್ನರಿಗಿಂತ ಬಹಳ ಕಡಿಮೆ ಸಂಬಳ ಗೊತ್ತಾಯಿತು. ಅವರು ಕೆಲಸ ಬಿಡಲಿಲ್ಲ, ಸಂಬಳವನ್ನೂ ಮುಟ್ಟಲಿಲ್ಲ. ಹೀಗೆ ಮೂರು ವರ್ಷ. ಕೊನೆಗೆ ಪೂರ್ತಿ ಸಂಬಳ ಬಾಕಿ ಸಮೇತ ಬಂತು. ಮೂರು ವರ್ಷ ಮನೆ ಹೇಗೆ ನಡೆಯಿತೋ!

ಪ್ರಯೋಗಕ್ಕೆ ಸಿಕ್ಕಿದ್ದು ಸ್ನಾನದ ಕೋಣೆಗೆ ಹೊಂದಿಕೊಂಡ ಸಣ್ಣ ಜಾಗ. ಉಪಕರಣ ಮಾಡಿಕೊಟ್ಟಿದ್ದು ಒಬ್ಬ ತಗಡು ಕೆಲಸದವನು. ಹರ್ಟ್ಸ್ ಬಳಸಿದ ಅಲೆಗಳು ಉದ್ದ, ಅವುಗಳಿಗೆ ದೊಡ್ಡ ಉಪಕರಣ ಬೇಕು. ಬೋಸ್ ಅಲೆಯ ಉದ್ದವನ್ನು 5 ಮಿಲಿಮೀಟರಿನವರೆಗೆ ಇಳಿಸಿದರು. ಆಗ ಇಡೀ ಪ್ರಯೋಗ ಮೇಜಿನ ಮೇಲೆ ಹಿಡಿಸಿತು. ಗಂಧಕ, ರಾಳ, ಹೊಸೆದ ಸೆಣಬು ಇವುಗಳ ಮೂಲಕ ಅಲೆ ಹಾಯಿಸಿ ಯಾವುದು ಬಿಡುತ್ತದೆ, ಯಾವುದು ಬಾಗಿಸುತ್ತದೆ ಎಂದು ನೋಡಿದರು. 1895ರ ಸುಮಾರಿಗೆ ಕಲ್ಕತ್ತದ ಟೌನ್ ಹಾಲ್‌ನಲ್ಲಿ ಅವರ ಅಲೆ ಗೋಡೆ ದಾಟಿ, ಸುಮಾರು 75 ಅಡಿ ದೂರದಲ್ಲಿ ಗಂಟೆ ಬಾರಿಸಿತು, ಮದ್ದು ಸಿಡಿಸಿತು.

ಇಂದು ಟ್ಯಾಗ್ ಆರಿಸುವವರ ಮುಂದಿರುವುದೂ ಇದೇ ಪ್ರಶ್ನೆ: ಅಲೆ ಎಂಥದು, ಗೋಡೆ ಎಂಥದು? ಶಿರಾ ಕಡೆಯ ಹೆದ್ದಾರಿ ಟೋಲ್‌ನಲ್ಲಿ ಕಾಣುವ ಫಾಸ್ಟ್ಯಾಗ್ ಬ್ಯಾಟರಿ ಇಲ್ಲದ ಆರ್‌ಎಫ್‌ಐಡಿ. ಅದು ಅಗ್ಗ, ಆದರೆ ರೀಡರ್ ಹತ್ತಿರ ಬಂದಾಗ ಮಾತ್ರ ಉತ್ತರ ಕೊಡುತ್ತದೆ. ಬ್ಲೂಟೂತ್ ಟ್ಯಾಗ್ ವಸ್ತು ಯಾವ ಕೊಠಡಿಯ ಆಸುಪಾಸಿನಲ್ಲಿದೆ ಎಂದು ಹೇಳಬಲ್ಲದು, ಆದರೆ ಬ್ಯಾಟರಿ ಬದಲಿಸಬೇಕು. ಅಲ್ಟ್ರಾ ವೈಡ್‌ಬ್ಯಾಂಡ್ ಅಲೆ ಬಂದು ಸೇರುವ ಸಮಯವನ್ನೇ ಅಳೆದು ಅಡಿ ಲೆಕ್ಕದಲ್ಲಿ ಜಾಗ ತೋರಿಸುತ್ತದೆ, ಖರ್ಚು ಹೆಚ್ಚು. ಕಬ್ಬಿಣದ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದರೆ ಮೂರೂ ಸೋಲುತ್ತವೆ. ಕೊಡಿಗೇನಹಳ್ಳಿಯಂಥ ಊರಿನ ಕಾಲೇಜಿಗೆ, ಮೈಕ್ರೋಸ್ಕೋಪು ಪ್ರೊಜೆಕ್ಟರುಗಳನ್ನು ವರ್ಷಕ್ಕೊಮ್ಮೆ ಸ್ಟಾಕ್ ರಿಜಿಸ್ಟರಿಗೆ ತಾಳೆ ನೋಡಲು ಮೊದಲನೆಯದೇ ಸಾಕು ಎಂದು ನನ್ನ ಲೆಕ್ಕ. ಆಸ್ಪತ್ರೆಯ ಲೆಕ್ಕ ಬೇರೆ. ಅಲ್ಲಿ ವೆಂಟಿಲೇಟರ್ ಯಾವ ವಾರ್ಡಿನಲ್ಲಿದೆ ಎಂದು ಆ ಕ್ಷಣವೇ ಗೊತ್ತಾಗಬೇಕು.

ಬೋಸ್ ತಮ್ಮ ಶೋಧನೆಯನ್ನು ಮಾರಲು ಒಪ್ಪಲಿಲ್ಲ. 1901ರಲ್ಲಿ ಲಂಡನ್ನಿನಲ್ಲಿ ಒಬ್ಬ ಟೆಲಿಗ್ರಾಫ್ ಉದ್ಯಮಿ ಪೇಟೆಂಟ್ ಮಾಡಿಸಿ ಲಾಭ ಹಂಚಿಕೊಳ್ಳೋಣ ಎಂದು ಬೆನ್ನು ಬಿದ್ದರೂ ಒಲ್ಲೆ ಎಂದರು. ಸ್ನೇಹಿತರ ಒತ್ತಾಯಕ್ಕೆ ಅಮೆರಿಕದಲ್ಲಿ ಅರ್ಜಿ ಹಾಕಿ, ಗೆಲೀನಾ ಹರಳಿನ ಡಿಟೆಕ್ಟರಿಗೆ 1904ರಲ್ಲಿ ಪೇಟೆಂಟ್ ಸಿಕ್ಕಿತು. ಅದರಿಂದಲೂ ಅವರು ಹಣ ಮಾಡಲಿಲ್ಲ. ಕಾಮರ್ಸ್ ಓದುವ ನನಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆ ಹಣ ಬಂದಿದ್ದರೆ ಇನ್ನೆಷ್ಟು ಹುಡುಗರಿಗೆ ಲ್ಯಾಬ್ ಆಗುತ್ತಿತ್ತು! ವೈರ್‌ಲೆಸ್ಸಿಗಾಗಿ 1909ರ ನೊಬೆಲ್ ಮಾರ್ಕೋನಿ ಮತ್ತು ಬ್ರಾನ್ ಅವರಿಗೆ ಹೋಯಿತು.

ಬೋಸ್ ಮುಂದೆ ಗಿಡಗಳ ಕಡೆ ತಿರುಗಿದರು. 1917ರಲ್ಲಿ ತಮ್ಮ ಹುಟ್ಟುಹಬ್ಬದಂದೇ ಕಲ್ಕತ್ತದಲ್ಲಿ ಬೋಸ್ ಸಂಶೋಧನಾ ಸಂಸ್ಥೆ ತೆರೆದರು. 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ತೀರಿಕೊಂಡರು. ಗೋಡೆ ದಾಟುವ ಅಲೆಗಳಿಗಾಗಿ ಅವರು ಮಾಡಿಸಿದ ಉಪಕರಣಗಳನ್ನು ಆ ಸಂಸ್ಥೆಯಲ್ಲಿ ಈಗಲೂ ಕಾಪಾಡಿ ಇಟ್ಟಿದ್ದಾರೆ.